ಬಂದ ರೀಡಿಂಗ್, ಬರೆದ ರೀಡಿಂಗ್

ಬಿಎಸ್ಸಿ ಮೊದಲ ವರ್ಷದ ಭೌತಶಾಸ್ತ್ರದ ರೆಕಾರ್ಡ್ ತೆರೆದು ಲೋಲಕದ ಪ್ರಯೋಗದ ಪುಟಕ್ಕೆ ಬನ್ನಿ. ಕೊನೆಯಲ್ಲಿ, ಸ್ಕೇಲ್ ಇಟ್ಟು ಎಳೆದ ಚೌಕದೊಳಗೆ ಗುರುತ್ವ ವೇಗೋತ್ಕರ್ಷದ ಬೆಲೆ ಬರೆದಿರುತ್ತದೆ. ಹೆಚ್ಚಿನವರದ್ದು 9.80. ಕೆಲವರದ್ದು 9.81. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು, ಕೆಳಗೆ ಸಹಿ, ತಾರೀಕು.

ಮಂಗಳೂರಿನಲ್ಲಿ ಆ ಬೆಲೆ 9.80 ಅಲ್ಲ, 9.81 ಮೊದಲೇ ಅಲ್ಲ. ಭೂಮಿ ತಿರುಗುತ್ತಿದೆ, ನಡು ಭಾಗದಲ್ಲಿ ಸ್ವಲ್ಪ ಉಬ್ಬಿದೆ. ಹೀಗಾಗಿ ಧ್ರುವಗಳಲ್ಲಿ 9.83ರಷ್ಟಿರುವ ಗುರುತ್ವ ಸಮಭಾಜಕ ವೃತ್ತಕ್ಕೆ ಬರುವಾಗ 9.78ಕ್ಕೆ ಇಳಿದಿರುತ್ತದೆ. ಮಂಗಳೂರು ಇರುವುದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕಡಲಿನ ಮಟ್ಟದಲ್ಲಿ. ಸೂತ್ರಕ್ಕೆ ಹಾಕಿ ನೋಡಿದರೆ ಇಲ್ಲಿ ಸಿಗಬೇಕಾದದ್ದು 9.783. ಪಠ್ಯಪುಸ್ತಕದಲ್ಲಿರುವ 9.80665 ಎಂಬ ಮಾನಕ ಬೆಲೆಯನ್ನು ಅಂತಾರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಮ್ಮೇಳನ 1901ರಲ್ಲಿ ಗೊತ್ತುಮಾಡಿತು. ಅದು ಹೆಚ್ಚುಕಡಿಮೆ 45 ಡಿಗ್ರಿ ಅಕ್ಷಾಂಶದ ಸಂಖ್ಯೆ. ಅಂದರೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಕುಳಿತು 9.80 ಎಂದು ಬರೆದವರು ಯುರೋಪಿನ ಗುರುತ್ವವನ್ನು ಬರೆದಿದ್ದಾರೆ.

ಇಷ್ಟು ಸೂಕ್ಷ್ಮ ವ್ಯತ್ಯಾಸ ಕಾಲೇಜಿನ ಲೋಲಕಕ್ಕೆ ಗೊತ್ತಾಗುತ್ತದೆಯೇ? ಇಲ್ಲಿಂದಲೇ ವಿಷಯ ರುಚಿಗಟ್ಟುವುದು. ಒಂದು ಮೀಟರ್ ಉದ್ದದ ಲೋಲಕ 20 ಸಲ ತೂಗಲು ಮಂಗಳೂರಿನ ನಿಜವಾದ ಗುರುತ್ವದಲ್ಲಿ 40.18 ಸೆಕೆಂಡ್ ಬೇಕು. ಗುರುತ್ವ 9.80 ಆಗಿದ್ದರೆ 40.14 ಸೆಕೆಂಡ್ ಸಾಕಿತ್ತು. ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಮೂರೂವರೆ ಪಾಲು. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳು ಅಷ್ಟು ಚುರುಕಲ್ಲ. ಕಣ್ಣು ಕಂಡದ್ದನ್ನು ಬೆರಳು ಮಾಡುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗ ಕಳೆದಿರುತ್ತದೆ. ಆ ತಪ್ಪು ಉತ್ತರಕ್ಕೆ ಬಂದು ಸೇರುವಾಗ 0.1ರಷ್ಟಾಗುತ್ತದೆ. ದಾರದ ಉದ್ದ ಅಳೆಯುವಾಗ ಗುಂಡಿನ ಮಧ್ಯಬಿಂದು ಎಲ್ಲಿ ಎಂಬುದರಲ್ಲಿ ಎರಡು ಮಿಲಿಮೀಟರ್ ಆಚೀಚೆಯಾದರೆ ಇನ್ನೊಂದು 0.02. ಹಾಗಾಗಿ 20 ತೂಗಾಟ ಎಣಿಸಿದ ಪ್ರಾಮಾಣಿಕ ವಿದ್ಯಾರ್ಥಿನಿ ಬರೆಯಬಹುದಾದ ಉತ್ತರ ಒಂದೇ: 9.7ರಿಂದ 9.9ರ ನಡುವೆ ಎಲ್ಲೋ ಇದೆ. ಅವಳಿಗೆ ನಿಜಕ್ಕೂ 9.78 ಮತ್ತು 9.80 ಬೇರೆ ಬೇರೆ ಎಂದು ತೋರಿಸಬೇಕಿದ್ದರೆ ಉದ್ದವನ್ನು ಇನ್ನಷ್ಟು ನಿಖರವಾಗಿ ಅಳೆದು 200 ತೂಗಾಟ ಎಣಿಸಬೇಕು. ಆಗ ವ್ಯತ್ಯಾಸ ಸೆಕೆಂಡಿನ ಮೂರನೆಯ ಒಂದು ಭಾಗಕ್ಕೆ ಏರುತ್ತದೆ. ಹೆಬ್ಬೆರಳಿನ ಅಳತೆಗೆ ಆಗಷ್ಟೇ ಸಿಗುತ್ತದೆ. ಆರೂಮುಕ್ಕಾಲು ನಿಮಿಷ ಕಣ್ಣು ಮಿಟುಕಿಸದೆ ಎಣಿಸುವ ತಾಳ್ಮೆಯೂ ಬೇಕು.

ಈ ಲೆಕ್ಕಾಚಾರವೇ ವಿಜ್ಞಾನ. 9.80 ಎಂಬುದು ಬರೀ ಮಗ್ಗಿ. ನಮ್ಮ ಬಿಎಸ್ಸಿ ಲ್ಯಾಬ್‌ಗಳಲ್ಲಿ ಮಗ್ಗಿಗೆ ಅಂಕ ಸಿಗುತ್ತದೆ, ಲೆಕ್ಕಾಚಾರಕ್ಕೆ ಸಿಗುವುದು ಕಡಿಮೆ. ಉತ್ತರ ಮೊದಲೇ ಗೊತ್ತಿದೆ. ಸೋಡಿಯಂ ಬೆಳಕಿನ ತರಂಗಾಂತರ 589.3 ನ್ಯಾನೋಮೀಟರ್ ಎಂದು ನ್ಯೂಟನ್ ಉಂಗುರಗಳನ್ನು ನೋಡುವ ಮೊದಲೇ ಇಡೀ ಬ್ಯಾಚ್‌ಗೆ ಬಾಯಿಪಾಠ. ಸೂಕ್ಷ್ಮದರ್ಶಕದಲ್ಲಿ ಉಂಗುರ ಮಸುಕಾಗಿ ಕಂಡರೂ, ಎಂಟನೆಯದು ಯಾವುದು ಒಂಬತ್ತನೆಯದು ಯಾವುದು ಎಂದು ಗೊಂದಲವಾದರೂ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ವ್ಯಾಸ ತುಂಬಿಸಿದರಾಯಿತು. ಇದಕ್ಕೆ ರೀಡಿಂಗ್ ‘ಕುಕ್’ ಮಾಡುವುದು ಎನ್ನುತ್ತಾರೆ. ಇದು ಸೋಮಾರಿಗಳ ಕೆಲಸ ಎಂದುಕೊಂಡರೆ ತಪ್ಪು. ಚೆನ್ನಾಗಿ ಕುಕ್ ಮಾಡಲು ಸೂತ್ರ ಸರಿಯಾಗಿ ತಿಳಿದಿರಬೇಕು, ಆದ್ದರಿಂದ ತರಗತಿಯ ಜಾಣರೇ ಇದರಲ್ಲಿ ಮುಂದು.

ಬಂದ ರೀಡಿಂಗನ್ನು ಬಂದ ಹಾಗೆಯೇ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಸೊಗಸಾದ ಪ್ರಸಂಗವಿದೆ. 1890ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲಿ ಸಾರಜನಕದ ಸಾಂದ್ರತೆ ಅಳೆಯುತ್ತಿದ್ದರು. ಗಾಳಿಯಿಂದ ಬೇರ್ಪಡಿಸಿದ ಸಾರಜನಕ ಲೀಟರಿಗೆ 1.257 ಗ್ರಾಂ ತೂಗಿತು. ಅಮೋನಿಯದಂಥ ಸಂಯುಕ್ತಗಳಿಂದ ತಯಾರಿಸಿದ್ದು 1.251 ಗ್ರಾಂ. ವ್ಯತ್ಯಾಸ ಶೇಕಡಾ ಅರ್ಧ. ನಮ್ಮ ಲ್ಯಾಬ್‌ನಲ್ಲಾದರೆ ಸರಾಸರಿ ತೆಗೆದು ಮುಂದಿನ ಪ್ರಯೋಗಕ್ಕೆ ಹೋಗುತ್ತಿದ್ದೆವು. ರ‍್ಯಾಲಿ ಹೋಗಲಿಲ್ಲ. ಮತ್ತೆ ಮತ್ತೆ ತೂಗಿದರು, ‘ನೇಚರ್’ ಪತ್ರಿಕೆಗೆ ಬರೆದು ಬೇರೆಯವರಿಗೇನಾದರೂ ಹೊಳೆಯುತ್ತದೆಯೇ ಎಂದು ಕೇಳಿದರು. ವಿಲಿಯಂ ರ‍್ಯಾಮ್ಸೆ ಜೊತೆಗೂಡಿದರು. 1894ರಲ್ಲಿ ಆರ್ಗಾನ್ ಸಿಕ್ಕಿತು. ಗಾಳಿಯಲ್ಲಿ ಹೆಚ್ಚುಕಡಿಮೆ ಶೇಕಡಾ ಒಂದರಷ್ಟಿರುವ ಒಂದು ಇಡೀ ಮೂಲವಸ್ತು ಅಲ್ಲಿಯವರೆಗೆ ಆ ಅರ್ಧ ಶೇಕಡಾದೊಳಗೆ ಅಡಗಿ ಕುಳಿತಿತ್ತು.

ಮಂಗಳೂರಿಗೆ ಪ್ರಯೋಗದ ಕೆಲಸ ನಿನ್ನೆ ಮೊನ್ನೆ ಬಂದದ್ದಲ್ಲ. ಅಚ್ಚುಕೂಟದ ಕೆಲಸಕ್ಕೆಂದು ಬಂದ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಸುಟ್ಟು ನೋಡಿ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಒಂದು ಪ್ರಯೋಗದ ಫಲವೇ. ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ಹದಮಾಡಿದ ಕಥೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ. ಕಾಲೇಜುಗಳ ಸರದಿ ಅದರ ಬೆನ್ನಿಗೇ ಬಂತು. ಈಗ ಯುನಿವರ್ಸಿಟಿ ಕಾಲೇಜ್ ಎನಿಸಿಕೊಂಡಿರುವ ಹಂಪನಕಟ್ಟೆಯ ಹಳೆಯ ಸರ್ಕಾರಿ ಕಾಲೇಜಿನ ಬೇರು ಹತ್ತೊಂಬತ್ತನೆಯ ಶತಮಾನದ್ದು. ಇಟಲಿಯಿಂದ ಬಂದ ಜೆಸ್ವಿಟ್ ಪಾದ್ರಿಗಳು ಸೇಂಟ್ ಅಲೋಶಿಯಸ್ ಕಾಲೇಜು ಶುರುಮಾಡಿದ್ದು 1880ರಲ್ಲಿ. ಅಲ್ಲಿಯ ಪ್ರಾರ್ಥನಾ ಮಂದಿರದ ಚಿತ್ರಗಳನ್ನು ನೋಡಲು ಪ್ರವಾಸಿಗರು ಸಾಲುಗಟ್ಟುತ್ತಾರೆ. ಅದೇ ಗುಡ್ಡದ ಮೇಲಿನ ವಸ್ತುಸಂಗ್ರಹಾಲಯಕ್ಕೆ ಹೋಗುವವರು ಅಷ್ಟಿಲ್ಲ. 1913ರಲ್ಲಿ ಫಾದರ್ ಕಿಯಾಪ್ಪಿ ಅದನ್ನು ಆರಂಭಿಸಿದಾಗ ಇದ್ದ ಉದ್ದೇಶ ಪ್ರದರ್ಶನವಲ್ಲ, ಪಾಠ. ಖನಿಜ, ಜೀವಿಗಳ ಮಾದರಿಗಳನ್ನು ವಿದ್ಯಾರ್ಥಿಗಳು ನೋಡಿ ಕಲಿಯಲಿ ಎಂಬುದು. ಹೆಣ್ಣುಮಕ್ಕಳಿಗಾಗಿ ಸೇಂಟ್ ಆ್ಯಗ್ನೆಸ್ ಕಾಲೇಜು 1921ರಲ್ಲಿ ಬಂತು. ಇಂದು ನಗರದ ಯಾವುದೇ ಬಿಎಸ್ಸಿ ಲ್ಯಾಬ್‌ಗೆ ಹೋದರೂ ಬಿಳಿ ಕೋಟಿನಲ್ಲಿ ಹುಡುಗಿಯರೇ ಹೆಚ್ಚು ಕಾಣುತ್ತಾರೆ. ಅದರ ಹಿಂದೆ ಈ ನೂರು ವರ್ಷದ ಬಲವಿದೆ.

ಪದವಿ ಪ್ರಮಾಣಪತ್ರದ ಮೇಲಿನ ಮುದ್ರೆ ಮಾತ್ರ ಬದಲಾಗುತ್ತಲೇ ಬಂತು. ಮೊದಲು ಮದ್ರಾಸ್ ವಿಶ್ವವಿದ್ಯಾಲಯ, ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು, 1980ರಿಂದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. 2024ರಲ್ಲಿ ಅಲೋಶಿಯಸ್ ತಾನೇ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅಸಹಕಾರ ಚಳವಳಿಗೆ ಓಗೊಟ್ಟು ಓದು ಬಿಟ್ಟ ಶಿವರಾಮ ಕಾರಂತರು ಮುಂದೆ ಕನ್ನಡಕ್ಕೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಕೊಟ್ಟರು. ವಾಮಂಜೂರಿನ ಪಿಲಿಕುಳ ನಿಸರ್ಗಧಾಮಕ್ಕೆ, ಅಲ್ಲಿಯ ವಿಜ್ಞಾನ ಕೇಂದ್ರವೂ ಸೇರಿ, ಅವರ ಹೆಸರೇ ಇದೆ. ಪ್ರಾಕ್ಟಿಕಲ್ ಪರೀಕ್ಷೆಯ ಹಂಗಿಲ್ಲದೆಯೂ ಕುತೂಹಲ ಬದುಕುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾಲೇಜಿನ ಲ್ಯಾಬ್ ಎಂಬ ವ್ಯವಸ್ಥೆಗೂ ಒಂದು ಹುಟ್ಟೂರಿದೆ. ಜರ್ಮನಿಯ ಗೀಸೆನ್ ಪಟ್ಟಣ. 1820ರ ದಶಕದಲ್ಲಿ ಯುಸ್ಟುಸ್ ಲೀಬಿಗ್ ಅಲ್ಲಿ ವಿದ್ಯಾರ್ಥಿಗಳ ಕೈಗೇ ಗಾಜಿನ ಕೊಳವೆ ಕೊಟ್ಟು ಕಲಿಸಲು ಶುರುಮಾಡಿದ. ಅದಕ್ಕೆ ಮೊದಲು ಹೆಚ್ಚಿನ ಕಡೆ ಪ್ರೊಫೆಸರ್ ಮಾಡಿ ತೋರಿಸುವುದು, ಹುಡುಗರು ಬೆಂಚಿನಲ್ಲಿ ಕುಳಿತು ನೋಡುವುದು. ಲೀಬಿಗ್‌ನ ಸಹಾಯಕನಾಗಿದ್ದ ಫ್ರೆಸೇನಿಯಸ್ ಗುಣಾತ್ಮಕ ವಿಶ್ಲೇಷಣೆಯ ಕೈಪಿಡಿಯನ್ನು 1841ರಲ್ಲಿ ಪ್ರಕಟಿಸಿದ್ದ. ಆಗ ಅವನಿಗೆ 23 ವರ್ಷವೂ ತುಂಬಿರಲಿಲ್ಲ. ನಮ್ಮ ಹುಡುಗರು ಇಂದಿಗೂ ಮಾಡುವ ಸಾಲ್ಟ್ ಅನಾಲಿಸಿಸ್ ಆ ದಾರಿಯದ್ದೇ.

180 ವರ್ಷ ಹಳೆಯ ಪದ್ಧತಿ ಈಗ ಯಾಕೆ ಎಂದು ಕೇಳುವವರಿದ್ದಾರೆ. ಬಿಳಿ ಪುಡಿಯೊಂದರಲ್ಲಿ ಯಾವ ಲೋಹವಿದೆ ಎಂದು ಯಂತ್ರ ನಿಮಿಷಗಳಲ್ಲಿ ಹೇಳುತ್ತದೆ, ನಿಜ. ಆದರೆ ಸಾಲ್ಟ್ ಅನಾಲಿಸಿಸ್ ಕಲಿಸುವುದು ಪುಡಿಯ ಹೆಸರನ್ನಲ್ಲ, ಒಂದೊಂದನ್ನೇ ತಳ್ಳಿಹಾಕುತ್ತ ಹೋಗುವ ತರ್ಕವನ್ನು. ಲೋಹಗಳ ಮೂರನೆಯ ಗುಂಪಿಗೆ ಬಂದಾಗ ಅಮೋನಿಯಂ ಹೈಡ್ರಾಕ್ಸೈಡಿಗಿಂತ ಮೊದಲು ಅಮೋನಿಯಂ ಕ್ಲೋರೈಡ್ ಹಾಕಬೇಕು. ಯಾಕೆ? ಕ್ಲೋರೈಡಿನಿಂದ ಬಂದ ಅಮೋನಿಯಂ ಅಯಾನುಗಳು ತುಂಬಿಕೊಂಡರೆ ಹೈಡ್ರಾಕ್ಸೈಡ್ ಹೆಚ್ಚು ಬಿಡುಗಡೆಯಾಗದು. ಆ ಸ್ವಲ್ಪ ಹೈಡ್ರಾಕ್ಸಿಲ್ ಅಯಾನು ಕಬ್ಬಿಣ, ಅಲ್ಯುಮಿನಿಯಂಗಳನ್ನು ತಳಕ್ಕಿಳಿಸಲು ಸಾಕು, ಮೆಗ್ನೀಸಿಯಂ ಇಳಿಸಲು ಸಾಲದು. ಈ ಕ್ರಮ ತಪ್ಪಿಸಿ ಒಮ್ಮೆ ಕೆಟ್ಟ ಫಲಿತಾಂಶ ಪಡೆದವರಿಗೆ ಸಮಾನ ಅಯಾನು ಪರಿಣಾಮ ಜನ್ಮಪೂರ್ತಿ ಮರೆಯದು. ಆದರೆ ತಪ್ಪಿಸಲು ಯಾರೂ ಬಿಡುವುದಿಲ್ಲ. ಹಸಿರಾಗಿದ್ದರೆ ನಿಕ್ಕಲ್, ಗುಲಾಬಿಯಾದರೆ ಕೋಬಾಲ್ಟ್, ನೀಲಿಯಾದರೆ ತಾಮ್ರ ಎಂಬ ಸೀನಿಯರ್‌ಗಳ ಜ್ಞಾನ ಮೊದಲೇ ಇಳಿದು ಬಂದಿರುತ್ತದೆ. ಉಳಿದ ಗುಂಪುಗಳನ್ನು ಮಾಡಿದಂತೆ ಬರೆದರಾಯಿತು.

ಲ್ಯಾಬ್‌ನಲ್ಲಿ ನಿಜವಾದ ಪಾಠ ಹೇಳುವವರು ಎಷ್ಟೋ ಸಲ ಅಟೆಂಡರ್. ಯಾವ ಬ್ಯುರೆಟ್ಟಿನ ನಲ್ಲಿ ಸೋರುತ್ತದೆ, ಯಾವ ಸ್ಪೆಕ್ಟ್ರೋಮೀಟರಿನ ತಿರುಪು ಸಡಿಲ, ಯಾವ ಬಾಟಲಿಯ ಆ್ಯಸಿಡ್ ಹಳತು ಎಂಬುದೆಲ್ಲ ಅವರಿಗೇ ಗೊತ್ತು. “ಅಣ್ಣಾ, ನಂದು ಎಂಡ್ ಪಾಯಿಂಟ್ ಬರುವುದೇ ಇಲ್ಲ” ಎಂದು ಹುಡುಗಿ ಅಳುಮೋರೆ ಮಾಡಿದರೆ, “ಇಂಡಿಕೇಟರ್ ಹಾಕಿದ್ದೀಯಾ ಮಾರಾಯ್ತಿ?” ಎಂಬ ಪ್ರಶ್ನೆ ಬರುತ್ತದೆ. ಹಾಕಿರುವುದಿಲ್ಲ. ಬಿಎಸ್ಸಿ ಪಾಠ ಇಂಗ್ಲಿಷಿನಲ್ಲಿ. ಬಂಟ್ವಾಳ, ಬೆಳ್ತಂಗಡಿ, ಸುಳ್ಯದ ಕಡೆಯಿಂದಲೂ ತಲಪಾಡಿ ದಾಟಿ ಕಾಸರಗೋಡಿನಿಂದಲೂ ಬರುವ ಕನ್ನಡ ಮಾಧ್ಯಮದ ಮಕ್ಕಳು ಥಿಯರಿ ಕ್ಲಾಸಿನಲ್ಲಿ ಹಿಂದಿನ ಬೆಂಚು ಹಿಡಿಯುತ್ತಾರೆ. ಲ್ಯಾಬ್‌ನಲ್ಲಿ ಮಾತು ತುಳುವಿಗೋ ಕನ್ನಡಕ್ಕೋ ಕೊಂಕಣಿಗೋ ಬ್ಯಾರಿಗೋ ಹೊರಳುತ್ತದೆ. ಪಿಪೆಟ್ ಹಿಡಿಯುವ ಕೈಗೆ ಮಾಧ್ಯಮವಿಲ್ಲ. ತೋಟದಲ್ಲಿ, ಅಂಗಡಿಯಲ್ಲಿ ಕೆಲಸ ಮಾಡಿ ಪಳಗಿದ ಕೈ ನಾಲ್ಕು ದಿನದಲ್ಲೇ ಹನಿ ಎಣಿಸಲು ಕಲಿಯುತ್ತದೆ. ಅದೇ ಮಕ್ಕಳು ವೈವಾಕ್ಕೆ ಕುಳಿತಾಗ, ಕೈಗೆ ಗೊತ್ತಿರುವುದನ್ನು ಬಾಯಿ ಇಂಗ್ಲಿಷಿನಲ್ಲಿ ಹೇಳಲಾರದೆ ಅಂಕ ಕಳೆದುಕೊಳ್ಳುತ್ತಾರೆ. ವೈವಾವನ್ನು ಕನ್ನಡದಲ್ಲಿ ಕೇಳಲು ಯಾವ ಉಪಕರಣವನ್ನೂ ಖರೀದಿಸಬೇಕಾಗಿಲ್ಲ.

ಇನ್ನು ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ, ಜುಲೈಯೊಂದರಲ್ಲೇ ಸಾವಿರದ ಆಸುಪಾಸು ಮುಟ್ಟುವ ಊರಿನಲ್ಲಿ ಲ್ಯಾಬ್ ನಡೆಸುವುದು ಬೇರೆಯೇ ವಿದ್ಯೆ. ಗಾಳಿಯಲ್ಲಿ ಶೇಕಡಾ 90ರಷ್ಟು ತೇವ, ಜೊತೆಗೆ ಕಡಲಿನ ಉಪ್ಪು. ಸೂಕ್ಷ್ಮದರ್ಶಕದ ಮಸೂರದ ಮೇಲೆ ಬೂಸ್ಟು ಬೆಳೆದು ಜೇಡರ ಬಲೆಯಂತೆ ಹರಡುತ್ತದೆ. ಅದಕ್ಕೆ ಇಲ್ಲಿಯ ಹಳಬರು ಕಂಡುಕೊಂಡ ಮದ್ದು, ಕಪಾಟಿನೊಳಗೆ ಹಗಲೂ ರಾತ್ರಿ ಉರಿಯುವ ಒಂದು ಹಳೇ ಕಾಲದ ಬಲ್ಬ್. ಅದರ ಶಾಖಕ್ಕೆ ಕಪಾಟಿನ ಒಳಗಿನ ಗಾಳಿ ನಾಲ್ಕೈದು ಡಿಗ್ರಿ ಬಿಸಿಯಾದರೂ ಸಾಕು, ಸಾಪೇಕ್ಷ ಆರ್ದ್ರತೆ ಬೂಸ್ಟು ಬೆಳೆಯುವ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಈಗ ಎಲ್ಲೆಡೆ ಎಲ್‌ಇಡಿ. ಬೆಳಕು ಹೆಚ್ಚು, ಶಾಖ ಕಡಿಮೆ. ವಿದ್ಯುತ್ ಉಳಿಸುವ ಹುಮ್ಮಸ್ಸಿನಲ್ಲಿ ಕಪಾಟಿನೊಳಗೂ ಎಲ್‌ಇಡಿ ಸಿಕ್ಕಿಸಿದರೆ ಬೂಸ್ಟಿಗೆ ಓದಲು ದೀಪ ಕೊಟ್ಟಂತಾಗುತ್ತದೆ, ಅಷ್ಟೆ.

ಸ್ಥಾಯೀ ವಿದ್ಯುತ್ತಿನ ಪ್ರಯೋಗವನ್ನು ಆಷಾಢದಲ್ಲಿ ಇಟ್ಟುಕೊಂಡವರು ಕೈಸುಟ್ಟುಕೊಂಡಂತೆಯೇ. ಚಿನ್ನದ ಹಾಳೆಯ ವಿದ್ಯುದ್ದರ್ಶಕದ ಎಲೆಗಳು ಬಿಡಿಸಿಕೊಂಡಷ್ಟೇ ಬೇಗ ಮುದುಡುತ್ತವೆ, ಅವಾಹಕದ ಮೇಲೆ ಕುಳಿತ ತೇವದ ಪದರದಲ್ಲಿ ವಿದ್ಯುದಂಶ ಸೋರಿಹೋಗುತ್ತದೆ. ಡಿಸಿಕೇಟರಿನಲ್ಲಿಟ್ಟ ನೀಲಿ ಸಿಲಿಕಾ ಜೆಲ್ ನೋಡುನೋಡುತ್ತ ಗುಲಾಬಿಯಾಗುತ್ತದೆ, ಮತ್ತೆ ಓವನ್‌ನಲ್ಲಿಟ್ಟು ಒಣಗಿಸಬೇಕು. ಇದನ್ನೆಲ್ಲ ತಾಪತ್ರಯ ಎಂದೇ ನೋಡುತ್ತ ಬಂದಿದ್ದೇವೆ. ನನಗೆ ಇದು ಮಂಗಳೂರಿನ ಲ್ಯಾಬ್‌ಗಳಿಗೆ ಪುಕ್ಕಟೆ ಸಿಕ್ಕಿದ ಪಾಠ ಎನಿಸುತ್ತದೆ. ಸೋಡಿಯಂ ಹೈಡ್ರಾಕ್ಸೈಡನ್ನು ತೂಗಿ ನೇರವಾಗಿ ಪ್ರಮಾಣಿತ ದ್ರಾವಣ ಮಾಡಬಾರದು ಎಂಬ ನಿಯಮ ಎಲ್ಲ ಪುಸ್ತಕಗಳಲ್ಲಿದೆ. ಒಣ ಊರಿನ ಮಕ್ಕಳು ಅದನ್ನು ನಂಬಬೇಕಷ್ಟೆ. ಇಲ್ಲಿ ಜೂನ್ ತಿಂಗಳಲ್ಲಿ ವಾಚ್ ಗ್ಲಾಸಿನ ಮೇಲೆ ನಾಲ್ಕು ಗುಳಿಗೆ ಇಟ್ಟು ತಕ್ಕಡಿಯ ಸಂಖ್ಯೆ ನೋಡುತ್ತಿದ್ದರೆ ತೂಕ ಏರುತ್ತಲೇ ಹೋಗುತ್ತದೆ, ಗುಳಿಗೆಗಳು ಬೆವರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಮಿಷಕ್ಕೆ ಎಷ್ಟು ಮಿಲಿಗ್ರಾಂ ಎಂದು ಗ್ರಾಫ್ ಹಾಕಿ, ಅದೇ ಗ್ರಾಫನ್ನು ಜನವರಿಯಲ್ಲಿ ಇನ್ನೊಮ್ಮೆ ಹಾಕಿದರೆ ಅದೇ ಒಂದು ಪ್ರಯೋಗ. ಆಕ್ಸಾಲಿಕ್ ಆಮ್ಲದಿಂದ ಮೊದಲು ಪ್ರಮಾಣೀಕರಿಸಬೇಕು ಯಾಕೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಸಸ್ಯಶಾಸ್ತ್ರಕ್ಕೆ ಮಾತ್ರ ಮಳೆಗಾಲವೇ ಸುಗ್ಗಿ. ಆಟಿ ತಿಂಗಳ ಅಮಾವಾಸ್ಯೆಯಂದು ತುಳುನಾಡಿನ ಮನೆಮನೆಯಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ನಸುಕಿಗೆ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರುವುದು, ಕಾಳುಮೆಣಸು ಬೆಳ್ಳುಳ್ಳಿ ಓಮ ಹಾಕಿ ಅರೆದು ಕುಡಿದು, ಆ ಕಹಿಗೆ ಮೆಂತೆ ಗಂಜಿ ಉಣ್ಣುವುದು ರೂಢಿ. ಪಾಲೆ ಅಂದರೆ ಸಪ್ತಪರ್ಣಿ, ಸಸ್ಯಶಾಸ್ತ್ರದ ಹೆಸರು ಆಲ್ಸ್ಟೋನಿಯ ಸ್ಕೊಲಾರಿಸ್. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರಿದ ಸುದ್ದಿಗಳನ್ನು ಕರಾವಳಿಯ ಓದುಗರು ಪತ್ರಿಕೆಗಳಲ್ಲಿ ನೋಡಿದ್ದಾರೆ. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಘೋರ ವಿಷಗಳು.

ಇದನ್ನು ಬಿಎಸ್ಸಿ ಲ್ಯಾಬ್‌ಗೆ ತನ್ನಿ. ಸಸ್ಯಗಳಲ್ಲಿ ಆಲ್ಕಲಾಯ್ಡ್ ಇದೆಯೇ ಎಂದು ನೋಡಲು ಮೇಯರ್ ದ್ರಾವಣ ಹಾಕುವುದು ಎಲ್ಲರೂ ಮಾಡುವ ಪರೀಕ್ಷೆ. ಪಾಲೆಯ ಸಾರಕ್ಕೆ ಹಾಕಿದರೂ ಕೆನೆಬಣ್ಣದ ಗಸಿ ಇಳಿಯುತ್ತದೆ, ಕಾಸರಕದ ಸಾರಕ್ಕೆ ಹಾಕಿದರೂ ಇಳಿಯುತ್ತದೆ. ಎರಡರಲ್ಲೂ ಆಲ್ಕಲಾಯ್ಡ್ ಇದೆ. ಹಾಗಾದರೆ ಈ ಪರೀಕ್ಷೆ ಮದ್ದು ಯಾವುದು ವಿಷ ಯಾವುದು ಎಂದು ಹೇಳಲಾರದು. ‘ಆಲ್ಕಲಾಯ್ಡ್ ಇದೆ’ ಎಂದು ರೆಕಾರ್ಡಿನಲ್ಲಿ ಬರೆದು ಪುಟ ತಿರುಗಿಸುವ ವಿದ್ಯಾರ್ಥಿಗೆ ಇದು ಹೊಳೆಯಬೇಕು. ಬೇರ್ಪಡಿಸಲು ತೆಳುಪದರ ಕ್ರೊಮಟೋಗ್ರಫಿ ಮಾಡಬೇಕು, ಗೊತ್ತಿರುವ ಮಾದರಿಯೊಂದಿಗೆ ಹೋಲಿಸಬೇಕು. ಅದಕ್ಕಿಂತಲೂ ಸುಲಭ, ಹಗಲಲ್ಲೇ ಮರದ ಬುಡಕ್ಕೆ ಹೋಗಿ ಎಲೆ ನೋಡುವುದು. ಪಾಲೆಯ ಎಲೆಗಳು ಒಂದೇ ಗೆಣ್ಣಿನಲ್ಲಿ ಚಕ್ರದಂತೆ ಸುತ್ತ ಹೊರಟಿರುತ್ತವೆ, ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರು ಜೋಡಿ, ಹಾಲಿಲ್ಲ. ಪಠ್ಯಕ್ರಮದಲ್ಲಿ ನೋಡಿ ಗುರುತಿಸಬೇಕಾದ ‘ಸ್ಪಾಟರ್’ಗಳ ಪಟ್ಟಿಯಲ್ಲಿ ಎಲ್ಲಿಯದೋ ಮಾದರಿಗಳು ಫಾರ್ಮಲಿನ್‌ನಲ್ಲಿ ಮುಳುಗಿ ಬಣ್ಣಗೆಟ್ಟು ಕುಳಿತಿರುವಾಗ, ಊರಿನ ಆರೋಗ್ಯಕ್ಕೇ ಬೇಕಾದ ಈ ಜೋಡಿಯನ್ನು ಇಡಲು ಯಾರ ಅಪ್ಪಣೆ ಬೇಕು?

ಇಂಥ ಪ್ರಯೋಗಗಳಿಗೆ ನಗರದಲ್ಲಿ ಬರವಿಲ್ಲ. ಕಾಲಡಿಯ ಮುರಕಲ್ಲನ್ನು ಪುಡಿಮಾಡಿ ಆ್ಯಸಿಡ್‌ನಲ್ಲಿ ಕರಗಿಸಿದರೆ ಡೈಕ್ರೊಮೇಟ್ ಟೈಟ್ರೇಶನ್‌ಗೆ ಬೇಕಾದ ಕಬ್ಬಿಣ ಸಿಗುತ್ತದೆ. ಬಾಟಲಿಯ ಫೆರಸ್ ಲವಣದಂತೆ ಇದರ ಉತ್ತರ ಯಾವ ಸೀನಿಯರನ ರೆಕಾರ್ಡಿನಲ್ಲೂ ಇರುವುದಿಲ್ಲ, ಒಂದೊಂದು ಕಲ್ಲಿಗೆ ಒಂದೊಂದು ಉತ್ತರ. ಬೇಸಗೆಯಲ್ಲಿ ಉಳ್ಳಾಲ, ಬೆಂಗ್ರೆಯ ಬಾವಿಗಳ ನೀರು ಸಪ್ಪೆಯೋ ಉಪ್ಪೋ ಎಂದು ಸಿಲ್ವರ್ ನೈಟ್ರೇಟ್ ಹನಿಸಿ ನೋಡಬಹುದು, ಕ್ರೊಮೇಟ್ ಸೂಚಕ ಹಳದಿಯಿಂದ ಇಟ್ಟಿಗೆ ಕೆಂಪಿಗೆ ತಿರುಗುವವರೆಗೆ. ಅಳಿವೆಯಿಂದ ತುಂಬೆಯ ಕಡೆಗೆ ನೇತ್ರಾವತಿಯುದ್ದಕ್ಕೂ ಬಾಟಲಿ ತುಂಬಿಸಿಕೊಂಡು ಹೋದರೆ ಕಡಲು ಎಲ್ಲಿಯವರೆಗೆ ಒಳಗೆ ಬಂದಿದೆ ಎಂಬ ನಕ್ಷೆಯೇ ಸಿದ್ಧ. ಏಪ್ರಿಲ್ ಕೊನೆಯ ವಾರ ಹಾಗೂ ಆಗಸ್ಟ್ ಮಧ್ಯದ ಬಳಿಕ, ವರ್ಷಕ್ಕೆ ಎರಡು ದಿನ, ಸೂರ್ಯ ನಡುನೆತ್ತಿಗೆ ಬಂದು ಕಂಬದ ನೆರಳು ಮಾಯವಾಗುತ್ತದೆ. ಅದಕ್ಕೆ ಒಂದು ಕೋಲು ಸಾಕು. ಆಗಸ್ಟಿನದ್ದನ್ನು ಮೋಡ ನುಂಗುವುದೇ ಹೆಚ್ಚು, ಏಪ್ರಿಲಿನದ್ದನ್ನು ಪರೀಕ್ಷೆ, ರಜೆ.

ಪ್ರಾಣಿಶಾಸ್ತ್ರದಲ್ಲಿ ಕಪ್ಪೆ ಕೊಯ್ಯುವ ಕಾಲ ಮುಗಿದಿದೆ. ಯುಜಿಸಿ 2011ರಲ್ಲಿ ಕಡಿಮೆ ಮಾಡಲು ಹೇಳಿ, 2014ರಲ್ಲಿ ಪೂರ್ತಿ ನಿಲ್ಲಿಸಲು ಸೂಚಿಸಿತು. ಈಗ ಮಾದರಿ, ಚಾರ್ಟ್, ಕಂಪ್ಯೂಟರ್ ಪರದೆ. ಕಪ್ಪೆಗಳ ಮಟ್ಟಿಗೆ ಒಳ್ಳೆಯ ತೀರ್ಮಾನ. ಮಂಗಳೂರಿನ ಗದ್ದೆಗಳಲ್ಲಿ ಅವು ಉಳಿದಿರುವುದೇ ಕಡಿಮೆ.

ಕೋವಿಡ್ ವರ್ಷಗಳಲ್ಲಿ ಪರದೆಯ ಮೇಲಿನ ಲ್ಯಾಬ್ ಎಲ್ಲ ವಿಷಯಗಳಿಗೂ ಹಬ್ಬಿತು. ಕೇಂದ್ರದ ವರ್ಚುವಲ್ ಲ್ಯಾಬ್ ಯೋಜನೆಯಲ್ಲಿ ಸುರತ್ಕಲ್‌ನ ಎನ್‌ಐಟಿಕೆಯೂ ಪಾಲುದಾರ. ಲ್ಯಾಬ್‌ಗೆ ಹೋಗುವ ಮೊದಲು ಪ್ರಯೋಗದ ಹಂತಗಳನ್ನು ತಿಳಿಯಲು ಅದು ಒಳ್ಳೆಯ ಸಾಧನ. ಆದರೆ ಪರದೆಯ ಬ್ಯುರೆಟ್ ಸೋರುವುದಿಲ್ಲ, ಪರದೆಯ ಮಸೂರಕ್ಕೆ ಬೂಸ್ಟು ಹಿಡಿಯುವುದಿಲ್ಲ. ಅಲ್ಲಿ ತಪ್ಪು ಎಂಬುದು ಯಾರೋ ಮೊದಲೇ ಬರೆದಿಟ್ಟ ತಪ್ಪು. ಕಿಸೆಯಲ್ಲಿರುವ ಫೋನನ್ನೇ ಉಪಕರಣ ಮಾಡಿಕೊಳ್ಳುವುದು ನನಗೆ ಇದಕ್ಕಿಂತ ಮೇಲು ಅನಿಸುತ್ತದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಬಿಡುಗಡೆ ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನೊಳಗಿನ ಸೆನ್ಸರ್‌ಗಳಿಂದ ವೇಗೋತ್ಕರ್ಷ, ಕಾಂತಕ್ಷೇತ್ರ, ಶಬ್ದ ಎಲ್ಲವನ್ನೂ ಅಳೆಯುತ್ತದೆ. ಹೆಬ್ಬೆರಳಿನ ನಿಧಾನದ ಸಮಸ್ಯೆಗೂ ಅದರಲ್ಲಿ ಉತ್ತರವಿದೆ. ಫೋನ್ ಒಳಗೆ ತರಬಾರದು ಎಂದು ಲ್ಯಾಬ್‌ನ ಬಾಗಿಲಿಗೆ ಬೋರ್ಡ್ ಇರುವುದು ಬೇರೆ ಮಾತು.

ಪಠ್ಯಕ್ರಮದ ಬಗ್ಗೆ ಹೆಚ್ಚು ಹೇಳಿ ಪ್ರಯೋಜನವಿಲ್ಲ, ಹೇಳಿ ಮುಗಿಸುವಷ್ಟರಲ್ಲಿ ಬದಲಾಗಿರುತ್ತದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಿರುಗಿಸಿತು. ಪ್ರತಿ ಸಲವೂ ಲ್ಯಾಬ್ ಮ್ಯಾನುಯಲ್‌ಗಳ ರಟ್ಟು ಬದಲಾಯಿತು, ಒಳಗಿನ ಪ್ರಯೋಗಗಳು ಹೆಚ್ಚಾಗಿ ಅವೇ ಉಳಿದವು. ಬದಲಾಗದ ಇನ್ನೊಂದು, ಕ್ರೆಡಿಟ್ ಲೆಕ್ಕ. ಥಿಯರಿಯ ಒಂದು ಗಂಟೆಗೆ ಒಂದು ಕ್ರೆಡಿಟ್, ಪ್ರಾಕ್ಟಿಕಲ್‌ಗೆ ಎರಡು ಗಂಟೆ ನಿಂತರೆ ಒಂದು ಕ್ರೆಡಿಟ್. ಐಐಟಿಗಳಲ್ಲಿ ಎಂಎಸ್ಸಿ ಸೇರಲು ಬರೆಯುವ ಜ್ಯಾಮ್ ಪರೀಕ್ಷೆಯಲ್ಲಂತೂ ಪ್ರಾಕ್ಟಿಕಲ್ ಇಲ್ಲವೇ ಇಲ್ಲ. ಕೈಕೆಲಸಕ್ಕೆ ಬೆಲೆ ಅರ್ಧ ಎಂದು ನಿಯಮವೇ ಹೇಳಿದ ಮೇಲೆ ಮಕ್ಕಳು ರೆಕಾರ್ಡಿಗೆ ಬಣ್ಣದ ರಟ್ಟು ಹಾಕುವುದರಲ್ಲೇ ಶ್ರಮ ವ್ಯಯಿಸಿದರೆ ದೂರಲಾಗದು.

ದೂರುವಂತಿಲ್ಲ ನಿಜ, ಆದರೆ ಬೆಲೆ ತೆರಬೇಕಾಗುತ್ತದೆ. ಮಂಗಳೂರಿನಲ್ಲಿ ಬಿಎಸ್ಸಿ ಮುಗಿಸಿದವರು ಹೋಗುವುದೆಲ್ಲಿಗೆ? ಕೆಲವರು ಎಂಎಸ್ಸಿಗೆ ಕೊಣಾಜೆಗೆ, ಕೆಲವರು ಬಿಎಡ್‌ಗೆ. ಉಳಿದವರಲ್ಲಿ ಬಹಳಷ್ಟು ಮಂದಿಗೆ ಮೊದಲ ಕೆಲಸ ಸಿಗುವುದು ಯಾವುದಾದರೊಂದು ಲ್ಯಾಬ್‌ನಲ್ಲಿ. ಎಂಆರ್‌ಪಿಎಲ್‌ನಂಥ ತೈಲಾಗಾರ, ಪಣಂಬೂರಿನ ಗೊಬ್ಬರ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕೆಗಳು, ಗೇರುಬೀಜ ಮತ್ತು ಮೀನಿನ ರಫ್ತು ಘಟಕಗಳು, ಬೀದಿಗೊಂದರಂತಿರುವ ರಕ್ತಪರೀಕ್ಷಾ ಕೇಂದ್ರಗಳು. ಎಲ್ಲ ಕಡೆಯೂ ಬೇಕಾಗುವುದು ಅಳೆಯುವ, ಅಳೆದದ್ದನ್ನು ಇದ್ದಂತೆ ಬರೆಯುವ ಜನ. ಅಲ್ಲಿ ಮೊದಲೇ ಗೊತ್ತಿರುವ ಉತ್ತರ ಇಲ್ಲ. ಸಕ್ಕರೆ ಕಾಯಿಲೆಯವರ ರಕ್ತದ ರೀಡಿಂಗ್ ಕುಕ್ ಮಾಡಿದರೆ ಏನಾದೀತು ಎಂದು ವಿವರಿಸಬೇಕಿಲ್ಲ. ದೊಡ್ಡ ಪ್ರಮಾಣದಲ್ಲಿ ಏನಾಗುತ್ತದೆ ಎಂಬುದಕ್ಕೆ ರ‍್ಯಾನ್‌ಬಾಕ್ಸಿ ಪ್ರಕರಣ ಕಣ್ಣಮುಂದಿದೆ. ಔಷಧಿಗಳ ಪರೀಕ್ಷೆಯ ವಿವರಗಳನ್ನು ಸುಳ್ಳಾಗಿ ಕೊಟ್ಟದ್ದೂ ಸೇರಿದಂತೆ ಹಲವು ಆರೋಪಗಳನ್ನು ಆ ಕಂಪನಿಯ ಅಮೆರಿಕದ ಘಟಕ 2013ರಲ್ಲಿ ಒಪ್ಪಿಕೊಂಡು 50 ಕೋಟಿ ಡಾಲರ್ ತೆತ್ತಿತು. ಅಲ್ಲಿಯ ರೆಕಾರ್ಡ್ ಬರೆದವರೂ ಒಂದು ಕಾಲಕ್ಕೆ ಎಲ್ಲೋ ಬಿಎಸ್ಸಿ ಪ್ರಾಕ್ಟಿಕಲ್ ಪಾಸಾದವರೇ ಇದ್ದಿರಬೇಕು.

ಇದನ್ನು ಸರಿಪಡಿಸಲು ಹೊಸ ಕಟ್ಟಡ, ಹೊಸ ನೀತಿ ಯಾವುದೂ ಬೇಡ. ಸೆಮಿಸ್ಟರಿಗೆ ಎರಡಾದರೂ ಪ್ರಯೋಗಗಳು ಉಪನ್ಯಾಸಕರಿಗೂ ಉತ್ತರ ಗೊತ್ತಿಲ್ಲದವು ಇರಲಿ. ಮುರಕಲ್ಲು, ಬಾವಿನೀರು, ಪಾಲೆ ತೊಗಟೆ ಯಾವುದೂ ಆದೀತು. ಉತ್ತರಕ್ಕೆ ಕೊಡುವ ಅಂಕದಲ್ಲಿ ಅರ್ಧವನ್ನು ‘ಎಷ್ಟು ತಪ್ಪಿರಬಹುದು, ಯಾಕೆ’ ಎಂಬ ಪ್ಯಾರಾಕ್ಕೆ ಕೊಡಲಿ. ಹೊಡೆದುಹಾಕಿದ ರೀಡಿಂಗ್ ಕಾಣುವಂತೆ ಉಳಿದಿರುವ ಒರಟು ನೋಟ್‌ಬುಕ್ಕಿಗೇ ಸಹಿ ಹಾಕಲಿ. ಚಂದದ ರೆಕಾರ್ಡ್ ಬರೆಸುವುದನ್ನು ನಿಲ್ಲಿಸಿದರೂ ನಷ್ಟವಿಲ್ಲ. ಹೀಗೆ ಮಾಡುವ ಉಪನ್ಯಾಸಕರು ಈ ನಗರದಲ್ಲಿ ಈಗಲೂ ಇದ್ದಾರೆ. ಅವರ ಬ್ಯಾಚ್‌ನಲ್ಲಿ ಕಲಿತವರಿಗೆ ಅವರ ಹೆಸರು ಮರೆಯುವುದಿಲ್ಲ.

ಪಿಯುಸಿ ಫಲಿತಾಂಶ ಬಂದು, ಮಗಳನ್ನೋ ಮಗನನ್ನೋ ಬಿಎಸ್ಸಿಗೆ ಸೇರಿಸಲು ಕಾಲೇಜಿನ ಆಫೀಸಿನ ಮುಂದೆ ನಿಲ್ಲುವ ಪೋಷಕರಲ್ಲಿ ಒಂದು ಮನವಿ. ಫೀಸು ಎಷ್ಟು, ಹಾಸ್ಟೆಲ್ ಉಂಟಾ, ಕ್ಯಾಂಪಸ್ ಸೆಲೆಕ್ಷನ್ ಉಂಟಾ ಎಂದು ಕೇಳಿದ ಮೇಲೆ, ಲ್ಯಾಬ್ ಒಮ್ಮೆ ತೋರಿಸಿ ಎಂದೂ ಕೇಳಿ. ತಕ್ಕಡಿಯ ಮೇಲೆ ಧೂಳಿದೆಯೇ, ಒಂದು ಸ್ಪೆಕ್ಟ್ರೋಮೀಟರಿಗೆ ಎಷ್ಟು ಮಕ್ಕಳು, ಕಳೆದ ವರ್ಷದ ಮಕ್ಕಳ ಒರಟು ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದ ಸಂಖ್ಯೆಗಳಿವೆಯೇ ನೋಡಿ. ತೋರಿಸಲು ಹಿಂದೆಮುಂದೆ ನೋಡಿದರೆ ಇನ್ನೊಂದು ಕಾಲೇಜಿಗೆ ಹೋಗಿ ಕೇಳಿ. ಮಂಗಳೂರಿನಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ.